ಖಾಲಿ ಕೊಳವೆಯಲ್ಲಿ ಒಂದು ಗೆರೆ

ಜೂನ್ 3

ಪುಟ್ಟಿ,

ಫೋನು ಮಾಡದೆ ಕಾಗದ ಬರೆಯುತ್ತಿದ್ದಾಳಲ್ಲ ಅತ್ತಿಗೆ, ಏನು ಗ್ರಹಚಾರ ಬಂತೋ ಅಂತ ಗಾಬರಿಯಾಗಬೇಡ. ನಮ್ಮ ಮನೆಯ ಫೋನು ಇರುವುದು ನಿಮ್ಮಣ್ಣನ ಮೇಜಿನ ಮೇಲೆ. ನಿಮ್ಮಣ್ಣ ಇರುವುದೂ ಅದೇ ಮೇಜಿನ ಮುಂದೆ. ಗಂಡನ ಎದುರಿಗೇ ಗಂಡನ ಮೇಲೆ ಚಾಡಿ ಹೇಳುವಷ್ಟು ಧೈರ್ಯ ನನಗಿಲ್ಲ.

ಗಿಡ್ಡಿ ಗೋಧಿಯ ಬೀಜವನ್ನು ನಿಮ್ಮ ಪ್ರಯೋಗಾಲಯಕ್ಕೆ ಕಳಿಸಿ ಹನ್ನೆರಡು ದಿನವಾಯಿತು. ಅವತ್ತಿನಿಂದ ಈ ಮನುಷ್ಯ ಮನುಷ್ಯನಾಗಿ ಉಳಿದಿಲ್ಲ. ಚಹಾ ಕೊಟ್ಟರೆ ಕುಡಿಯುವುದು ಮರೆಯುತ್ತಾರೆ, ಕುಡಿದ ಮೇಲೆ ಕೊಟ್ಟೇ ಇಲ್ಲ ಅನ್ನುತ್ತಾರೆ. ಹತ್ತೊಂಬತ್ತು ವರ್ಷ ಒಂದು ಗೋಧಿಯನ್ನು ಆರಿಸಿ ಆರಿಸಿ, ಮೊಣಕಾಲೆತ್ತರಕ್ಕೆ ಇಳಿಸಿ, ಎಂಥ ಗಾಳಿಗೂ ಮಲಗದ ಹಾಗೆ ಮಾಡಿದವರಿಗೆ ಈಗ ಹತ್ತು ದಿನ ಕಾಯುವ ತಾಳ್ಮೆ ಇಲ್ಲ. ಬೀಜದಲ್ಲಿ ವೈರಸ್ಸಿಲ್ಲ ಅಂತ ನಿಮ್ಮವರ ಕಾಗದ ಒಂದು ಬಂದರೆ ಬೀಜದ ಕಚೇರಿಯವರು ಗಿಡ್ಡಿಯನ್ನು ಊರೂರಿನ ಹೊಲಕ್ಕೆ ಬಿಡುತ್ತಾರಂತೆ.

ಅಲ್ಲಿ ವೈರಸ್ಸು ನೋಡುವವಳು ನೀನೊಬ್ಬಳೇ ತಾನೇ? "ಅವಳಿಗೊಂದು ಮಾತು ಹೇಳ್ರೀ, ಬೇಗ ನೋಡ್ತಾಳೆ" ಅಂದೆ. ಅದಕ್ಕೆ ನನ್ನನ್ನು ತಿಂದುಹಾಕುವ ಹಾಗೆ ನೋಡಿದರು. "ಅವಳ ಕೆಲಸದಲ್ಲಿ ನೀನು ಕೈ ಹಾಕಬೇಡ. ಅಣ್ಣನ ಬೀಜ ಅಂತ ಅವಳು ಒಂದು ಗಂಟೆ ಮುಂಚೆ ನೋಡಿದರೂ ಅದು ತಪ್ಪೇ" ಅಂದರು. ಅದಕ್ಕೇ ಈ ಕಾಗದ, ಅವರಿಗೆ ಗೊತ್ತಿಲ್ಲದೆ.

ಬೇಗ ನೋಡೇ ತಾಯಿ. ಇಲ್ಲದಿದ್ದರೆ ನಿಮ್ಮಣ್ಣನನ್ನೂ ಒಂದು ಪೊಟ್ಟಣದಲ್ಲಿ ಹಾಕಿ ಪರೀಕ್ಷೆಗೆ ಕಳಿಸುತ್ತೇನೆ.

ನಿನ್ನ ಅತ್ತಿಗೆ

•

ಜೂನ್ 19

ಅತ್ತಿಗೆ,

ಈ ಕಾಗದ ಬರೆಯಲು ಕೈ ಬರುತ್ತಿಲ್ಲ. ಆದರೂ ಕಚೇರಿಯ ವರದಿ ಮುಟ್ಟುವ ಮೊದಲು ನನ್ನಿಂದಲೇ ನಿಮಗೆ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಗಿಡ್ಡಿಯ ಬೀಜದಲ್ಲಿ ಪಟ್ಟೆ ರೋಗದ ವೈರಸ್ ಪತ್ತೆಯಾಗಿದೆ. ಗೋಧಿ, ಜವೆಗೋಧಿಗಳಿಗೆ ಬರುವ ವೈರಸ್‌ಗಳಲ್ಲಿ ಹೆಚ್ಚಿನವು ಗಿಡದ ಹೇನಿನಿಂದಲೋ ನುಸಿಯಿಂದಲೋ ಹರಡುತ್ತವೆ. ಹುಳ ತಡೆದರೆ ರೋಗ ನಿಂತೀತು. ಇದು ಹಾಗಲ್ಲ. ಇದು ಬೀಜದೊಳಗೇ ಕೂತು ಮುಂದಿನ ಪೀಳಿಗೆಗೆ ಹೋಗುತ್ತದೆ. ಎಲೆಗೆ ಎಲೆ ಉಜ್ಜಿದರೂ ಸಾಕು, ಪರಾಗ ಹಾರಿದರೂ ಸಾಕು. ಇದಕ್ಕೆ ಔಷಧಿ ಇಲ್ಲ. ಆ ತಳಿಯ ಬೀಜ ಎಲ್ಲೆಲ್ಲಿ ಎಷ್ಟಿದೆಯೋ ಅಷ್ಟನ್ನೂ ಸುಡಬೇಕು ಎಂಬುದು ನಿಯಮ.

ನಿಮ್ಮ ಹಿಂದಿನ ಕಾಗದವನ್ನು ನಾನು ಪರೀಕ್ಷೆ ಮುಗಿಯುವವರೆಗೆ ಒಡೆಯಲೇ ಇಲ್ಲ. ಮೇಜಿನ ಖಾನೆಯಲ್ಲಿ ಹಾಗೆಯೇ ಇಟ್ಟಿದ್ದೆ. ಅಣ್ಣನ ಬೀಜವನ್ನು ಬೇರೆಯವರ ಬೀಜದ ಸಾಲಿನಲ್ಲೇ ನಿಲ್ಲಿಸಿದೆ. ಯಾವ ವಿನಾಯಿತಿಯೂ ತೋರಿಸಲಿಲ್ಲ. ನಮ್ಮ ನಿರ್ದೇಶಕರು ಎಲ್ಲರನ್ನೂ ಕರೆದು, "ನೋಡಿ, ಸ್ವಂತ ಅಣ್ಣನ ಬೀಜವನ್ನೂ ಬಿಡಲಿಲ್ಲ ಈಕೆ. ಕೆಲಸ ಅಂದರೆ ಹೀಗಿರಬೇಕು" ಎಂದರು. ಅದನ್ನು ಕೇಳಿ ಸಂತೋಷವಾಗಲಿಲ್ಲ ಎಂದು ನೀವು ನಂಬಬೇಕು.

ಅಣ್ಣನಿಗೆ ನೀವೇ ಹೇಳಿ. ನನಗೆ ಆಗುವುದಿಲ್ಲ.

ನಿಮ್ಮ ಪುಟ್ಟಿ

•

ಜುಲೈ 8

ಪುಟ್ಟಿ,

ಸುಟ್ಟದ್ದಾಯಿತು. ಮೊನ್ನೆ ಗುರುವಾರ.

ಬೀಜದ ಕಚೇರಿಯಿಂದ ಒಬ್ಬ ಅಧಿಕಾರಿ ಬಂದಿದ್ದ. ಒಳ್ಳೆಯ ಮನುಷ್ಯ, ಪಾಪ, ಬೂಟಿನ ತುದಿ ನೋಡುತ್ತಲೇ ಮಾತಾಡಿದ. "ಬೇಕಾದ್ರೆ ಮರುಪರೀಕ್ಷೆ ಕೇಳಬಹುದು ಸಾರ್, ಹದಿನೈದು ದಿನ ಅವಕಾಶ ಇದೆ" ಅಂದ. ನಿಮ್ಮಣ್ಣ ಏನಂದರು ಗೊತ್ತಾ? "ಸಹಿ ಯಾರದ್ದು ನೋಡಿ. ನನ್ನ ತಂಗಿದು. ಅವಳು ಸಹಿ ಹಾಕಿದ ಮೇಲೆ ಮರುಪರೀಕ್ಷೆ ಕೇಳೋಕೆ ನನಗೆ ತಲೆ ಕೆಟ್ಟಿದೆಯಾ?"

ಉಗ್ರಾಣದಲ್ಲಿದ್ದ ಹದಿನಾಲ್ಕು ಚೀಲ, ಕಪಾಟಿನಲ್ಲಿದ್ದ ವರ್ಷವಾರು ಪೊಟ್ಟಣ, ಗಾಜಿನ ಬಾಟಲಿಯಲ್ಲಿದ್ದ ಮೊದಲ ವರ್ಷದ ತೆನೆ, ಎಲ್ಲವನ್ನೂ ಅವರೇ ಹೊತ್ತು ತಂದರು. ಆಳುಗಳು ಕೈ ಹಾಕಲು ಬಂದರೆ ಬೇಡ ಅಂದರು. ಗೋಧಿ ಸುಟ್ಟರೆ ಏನು ವಾಸನೆ ಬರುತ್ತದೆ ಗೊತ್ತಲ್ಲ, ಹಸಿವಾಗುವ ವಾಸನೆ. ಅದೇ ದೊಡ್ಡ ಹಿಂಸೆ. ನಿಂತು ನೋಡುತ್ತಿದ್ದವರ ಬಾಯಲ್ಲಿ ನೀರು, ನನ್ನ ಕಣ್ಣಲ್ಲಿ ನೀರು.

ಆಮೇಲೆ ಒಂದೇ ಒಂದು ಮಾತು ಅಂದರು. "ಹತ್ತೊಂಬತ್ತು ವರ್ಷದಲ್ಲಿ ಒಂದು ಎಲೆ ಮೇಲೂ ಪಟ್ಟೆ ಕಾಣಲಿಲ್ವಲ್ಲ ನನಗೆ. ನನ್ನ ಕಣ್ಣಿಗೆ ಏನಾಗಿತ್ತು?" ಇವತ್ತಿಗೂ ಅದನ್ನೇ ಕೇಳಿಕೊಳ್ಳುತ್ತಾರೆ. ನಿನ್ನೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬಂದರು. ಕಣ್ಣು ಸರಿಯಾಗಿದೆಯಂತೆ.

ಅದು ಬಂದದ್ದಾದರೂ ಎಲ್ಲಿಂದ ಪುಟ್ಟಿ? ಬೇಲಿಯೊಳಗೆ ಬೇರೆ ಕಾಳು ತರಬಾರದು ಅಂತ ಈ ಮನುಷ್ಯ ಬಾಗಿಲಲ್ಲೇ ಎಲ್ಲರ ಜೇಬು ಕೊಡವಿಸುತ್ತಿದ್ದರು. ನನ್ನ ಸೆರಗನ್ನೂ ಬಿಟ್ಟವರಲ್ಲ.

ಅತ್ತಿಗೆ

•

ಜುಲೈ 15

ಅತ್ತಿಗೆ,

ಅಣ್ಣನ ಕಣ್ಣಿನ ತಪ್ಪಿಲ್ಲ ಎಂದು ಹೇಳಿ. ಕೆಲವು ಗಿಡಗಳು ವೈರಸ್ ಇಟ್ಟುಕೊಂಡೂ ಹೊರಗೆ ತೋರಿಸುವುದಿಲ್ಲ. ಕಣ್ಣು ಮೋಸಹೋಗಬಹುದು, ಪರೀಕ್ಷೆ ಮೋಸಹೋಗುವುದಿಲ್ಲ.

ಎಲ್ಲಿಂದ ಬಂತು ಎಂಬುದನ್ನು ನಾನು ಹುಡುಕುತ್ತೇನೆ. ವೈರಸ್ ಒಂದು ಉದ್ದದ ಸಾಲಿನ ಹಾಗೆ, ಅಕ್ಷರದ ಪಕ್ಕ ಅಕ್ಷರ. ಒಂದೊಂದು ಸೀಮೆಯ ವೈರಸ್ಸಿಗೆ ಅಲ್ಲೊಂದು ಇಲ್ಲೊಂದು ಅಕ್ಷರ ಬೇರೆ ಇರುತ್ತದೆ. ಗಿಡ್ಡಿಯಲ್ಲಿ ಸಿಕ್ಕಿದ್ದನ್ನು ಓದಿಸಲು ಕಳಿಸಿದ್ದೇನೆ. ಓದು ಬಂದರೆ ಅದರ ತವರು ಯಾವುದು ಎಂದು ಹೇಳಬಹುದು.

ಅಷ್ಟರಲ್ಲಿ ನೀವು ನೆನಪು ಮಾಡಿಕೊಳ್ಳಿ. ಈ ಎರಡು ಮೂರು ವರ್ಷದಲ್ಲಿ ಹೊರಗಿನ ಗೋಧಿಯೋ ಜವೆಗೋಧಿಯೋ, ಒಂದು ಹಿಡಿಯಾದರೂ, ಬೇಲಿಯೊಳಗೆ ಬಂದಿತ್ತೆ? ಯಾರಾದರೂ ತಂದಿದ್ದರೆ? ತಪ್ಪು ಹೊರಿಸಲು ಕೇಳುತ್ತಿಲ್ಲ.

ಪುಟ್ಟಿ

•

ಆಗಸ್ಟ್ 2

ಪುಟ್ಟಿ,

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಿನ್ನ ಕಾಗದ ಓದಿ ನಾನು ಹೆಗಲು ಮುಟ್ಟಿಕೊಂಡೆ. ಎರಡು ವಾರ ಯಾರಿಗೂ ಹೇಳದೆ ಮುಟ್ಟಿಕೊಳ್ಳುತ್ತಲೇ ಇದ್ದೆ.

ನಾನೇ ಕಣೇ.

ಹೋದ ವರ್ಷದ ಹಿಂದಿನ ವರ್ಷ, ಹೊಲ ನೋಡಲು ಬಂದಿದ್ದ ಒಬ್ಬ ಹೆಂಗಸು ನನಗೆ ಒಂದು ಹಿಡಿ ಜವೆಗೋಧಿ ಕೊಟ್ಟಳು. ತೆನೆ ಕಪ್ಪಗೆ, ಮೀಸೆ ಗೇಣುದ್ದ ಬರುತ್ತದೆ, ಒಣಗಿಸಿ ಹೂದಾನಿಯಲ್ಲಿಟ್ಟರೆ ವರ್ಷವಿಡೀ ಇರುತ್ತದೆ ಅಂದಳು. ಆಸೆಯಾಯಿತು. ಮನೆಯಲ್ಲಿ ಎಲ್ಲಿ ನೋಡಿದರೂ ಗಿಡ್ಡಿ, ಗಿಡ್ಡಿ. ನನ್ನದು ಅಂತ ಒಂದು ಚಂದದ ತೆನೆ ಇರಲಿ ಅನ್ನಿಸಿತು. ನಿಮ್ಮಣ್ಣ ಊರಲ್ಲಿಲ್ಲದ ದಿನ ಪಂಪಿನ ಮನೆಯ ಹಿಂದೆ, ಅವರ ಕಣ್ಣಿಗೆ ಬೀಳದ ಕಡೆ, ಬಿತ್ತಿದೆ. ಗಿಡ್ಡಿಯ ಸಾಲಿಗೂ ಅದಕ್ಕೂ ಎಂಟೇ ಹೆಜ್ಜೆ. ಈಗ ಹೋಗಿ ಅಳೆದು ಬಂದೆ. ಆ ತೆನೆಯ ಒಂದು ಕಾಳೂ ಈಗ ಉಳಿದಿಲ್ಲ.

ಕೊಯ್ದ ಕೈಯಲ್ಲೇ ಗಿಡ್ಡಿಯ ಕಳೆ ಕಿತ್ತಿದ್ದೇನೆ. ಎಲೆಗೆ ಎಲೆ ಉಜ್ಜಿದರೂ ಸಾಕು ಅಂತ ನೀನು ಬರೆದಿದ್ದೆಯಲ್ಲ, ಆ ಸಾಲನ್ನು ಓದಿದಾಗ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಒಂದು ಹೂದಾನಿಯ ಚಂದಕ್ಕೆ ಅವರ ಹತ್ತೊಂಬತ್ತು ವರ್ಷವನ್ನು ಸುಟ್ಟೆನಲ್ಲ.

ನಿಮ್ಮಣ್ಣನಿಗೆ ಹೇಳಬೇಡ. ಮೊದಲು ನೀನು ನನಗೆ ಹೇಳು. ಅದರಿಂದಲೇ ಬಂತಾ? ಹೌದೋ ಅಲ್ಲವೋ, ಒಂದೇ ಮಾತು ಸಾಕು. ನೀನು ಅಲ್ಲ ಅಂದರೆ ನಾನು ಬದುಕಿಕೊಳ್ಳುತ್ತೇನೆ. ಹೌದು ಅಂದರೆ ಅವರಿಗೆ ನಾನೇ ಹೇಳುತ್ತೇನೆ.

ಅತ್ತಿಗೆ

•

ಸೆಪ್ಟೆಂಬರ್ 11

ಪ್ರೀತಿಯ ಅತ್ತಿಗೆಗೆ,

ಉತ್ತರ ತಡವಾಯಿತು, ಕ್ಷಮಿಸಿ. ಇಲ್ಲಿ ಬಿತ್ತನೆಗೆ ಮುಂಚಿನ ಬೀಜಗಳೆಲ್ಲ ಒಟ್ಟಿಗೆ ಬಂದು ಬಿದ್ದಿವೆ. ಹೊಸದಾಗಿ ಸೇರಿದವರಿಗೆ ಪಾಠ ಹೇಳುವ ಹೊಣೆಯನ್ನೂ ನಿರ್ದೇಶಕರು ನನಗೇ ಕೊಟ್ಟಿದ್ದಾರೆ.

ನೀವು ಕೇಳಿದ ವಿಷಯ. ಜವೆಗೋಧಿಯಲ್ಲಿ ಈ ವೈರಸ್ ಇರುವುದುಂಟು. ಎಂಟು ಹೆಜ್ಜೆ ಹೆಚ್ಚಿನ ದೂರವಲ್ಲ. ಹಾಗಾಗಿ ಅದರಿಂದಲೂ ಬಂದಿರಬಹುದು. ಆದರೆ ಆ ಜವೆಗೋಧಿಯ ಕಾಳು ಈಗ ಕೈಯಲ್ಲಿ ಇಲ್ಲದಿರುವಾಗ ಖಚಿತವಾಗಿ ಏನನ್ನೂ ಹೇಳಲಾಗುವುದಿಲ್ಲ. ಇಂಥ ವಿಷಯದಲ್ಲಿ ಒಬ್ಬರನ್ನೇ ಕಾರಣ ಎನ್ನುವುದು ಸರಿಯಲ್ಲ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಓದಿಸಲು ಕಳಿಸಿದ್ದರ ಫಲಿತಾಂಶ ಅಷ್ಟೊಂದು ಸ್ಪಷ್ಟವಾಗಿಲ್ಲ.

ಆರೋಗ್ಯ ನೋಡಿಕೊಳ್ಳಿ. ಅಣ್ಣನಿಗೆ ನನ್ನ ನೆನಪು ಹೇಳಿ.

ನಿಮ್ಮ ಪುಟ್ಟಿ

•

ಸೆಪ್ಟೆಂಬರ್ 29

ಪುಟ್ಟಿ,

ನಿನ್ನ ಕಾಗದ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ಆದರೂ ನನಗೆ ಅರ್ಥವಾಯಿತು. ನಾನು ನೋಯಬಾರದು ಅಂತ ಹೌದು ಅನ್ನುವುದನ್ನು ಹತ್ತಿಯಲ್ಲಿ ಸುತ್ತಿ ಕಳಿಸಿದ್ದೀಯ. ನಿನ್ನ ಮನಸ್ಸು ನನಗೆ ಗೊತ್ತಿಲ್ಲವೇ? ಒಳ್ಳೆಯದಾಗಲಿ ನಿನಗೆ.

ನಿಮ್ಮಣ್ಣನಿಗೆ ಹೇಳಿದೆ. ಬೆಳಿಗ್ಗೆ ಅವರು ಬೂಟಿನ ದಾರ ಕಟ್ಟುತ್ತಿದ್ದಾಗ, ಮುಖ ನೋಡಬೇಕಾಗಿ ಬರುವುದಿಲ್ಲ ಅಂತ ಆ ಹೊತ್ತನ್ನೇ ಆರಿಸಿಕೊಂಡು. ಎಲ್ಲ ಹೇಳಿದೆ. ಹೂದಾನಿಯನ್ನೂ ಹೇಳಿದೆ. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದರು. ಆಮೇಲೆ ಗಂಟು ಹಾಕಿ ಎದ್ದು, "ಹೋಗಲಿ ಬಿಡು, ನಿನಗೇನು ಗೊತ್ತಿತ್ತು" ಅಂದರು.

ಬೈದಿದ್ದರೆ ಚೆನ್ನಾಗಿತ್ತು. ಎರಡೇಟು ಹೊಡೆದಿದ್ದರೂ ತಿರುಗಿ ಎರಡು ಕೊಟ್ಟು ಮುಗಿಸುತ್ತಿದ್ದೆ. ಮಾತಿನಲ್ಲಿ ಏನೂ ಬದಲಾಗಿಲ್ಲ ಪುಟ್ಟಿ. ಊಟಕ್ಕೆ ಕರೆದರೆ ಬರುತ್ತಾರೆ. ಉಪ್ಪು ಕಡಿಮೆ ಅನ್ನುತ್ತಾರೆ. ಆದರೆ ಹೊಲದ ಬಾಗಿಲಿನ ಬೀಗದ ಕೈ ನಾನು ಮದುವೆಯಾಗಿ ಬಂದಾಗಿನಿಂದ ಅಡುಗೆಮನೆಯ ಮೊಳೆಯಲ್ಲಿ ತೂಗುತ್ತಿತ್ತು. ಈಗ ಅದು ಅವರ ಅಂಗಿಯ ಜೇಬಿನಲ್ಲಿದೆ. ಒಳಗೆ ಕಾಯಲು ಒಂದು ಕಾಳೂ ಇಲ್ಲ. ಆದರೂ ಜೇಬಿನಲ್ಲಿದೆ. ಅಂಗಿ ಒಗೆಯಲು ಹಾಕುವಾಗ ಮೊದಲು ಅದನ್ನು ತೆಗೆದಿಟ್ಟುಕೊಳ್ಳುತ್ತಾರೆ.

ನಾನು ನೋಡಿಯೂ ನೋಡದವಳ ಹಾಗೆ ಇದ್ದೇನೆ. ಅರ್ಹಳೇ ಬಿಡು ಇದಕ್ಕೆ.

ಅತ್ತಿಗೆ

•

ಅಕ್ಟೋಬರ್ 20

ಪುಟ್ಟಿ,

ಕಾಗದವಿಲ್ಲ, ಫೋನಿಲ್ಲ. ನಿನಗೂ ನನ್ನ ಮೇಲೆ ಬೇಸರವಾಯಿತೇ? ಆಗಿದ್ದರೆ ತಪ್ಪೇನೂ ಇಲ್ಲ. ಅವರು ನಿನ್ನ ಅಣ್ಣ, ನಾನು ಹೊರಗಿಂದ ಬಂದವಳು.

ಒಂದು ಸುದ್ದಿ. ಈ ವರ್ಷ ಬಿತ್ತನೆ ಇಲ್ಲ. ಹೊಲವನ್ನು ತರಬೇತಿ ಶಾಲೆಗೆ ಬಿಟ್ಟುಕೊಡುತ್ತಾರಂತೆ, ಡಿಸೆಂಬರಿನಲ್ಲಿ ಸಹಿ. "ಇನ್ನು ಹತ್ತೊಂಬತ್ತು ವರ್ಷ ನನ್ನ ಹತ್ರ ಎಲ್ಲಿದೆ?" ಅಂದರು. ಐವತ್ತೆಂಟು ಅವರಿಗೆ. ಲೆಕ್ಕ ಸರಿಯಾಗಿಯೇ ಇದೆ.

ಅತ್ತಿಗೆ

•

ಅಕ್ಟೋಬರ್ 27

ಅತ್ತಿಗೆ,

ಈ ಕಾಗದವನ್ನು ಕೂತು ಓದಿ.

ನಿಮ್ಮ ಜವೆಗೋಧಿ ಏನೂ ಮಾಡಿಲ್ಲ. ಗಿಡ್ಡಿಯಲ್ಲಿ ವೈರಸ್ ಇರಲಿಲ್ಲ. ಯಾವತ್ತೂ ಇರಲಿಲ್ಲ. ಅದು ಇದ್ದದ್ದು ನನ್ನ ಮೇಜಿನ ಮೇಲೆ.

ಪರೀಕ್ಷೆ ಮಾಡುವಾಗ ನಾವು ಬೀಜದ ಕೊಳವೆಗಳ ಜೊತೆ ಇನ್ನೆರಡು ಕೊಳವೆ ಇಡುತ್ತೇವೆ. ಒಂದರಲ್ಲಿ ಬೇಕೆಂದೇ ವೈರಸ್ಸಿನ ತುಣುಕು ಹಾಕಿರುತ್ತೇವೆ, ಪರೀಕ್ಷೆ ನಡೆಯುತ್ತಿದೆ ಎಂದು ತಿಳಿಯಲು. ಇನ್ನೊಂದರಲ್ಲಿ ಬರೀ ನೀರು. ಅದಕ್ಕೆ ಖಾಲಿ ಕೊಳವೆ ಎನ್ನುತ್ತೇವೆ. ಕೊನೆಗೆ ವೈರಸ್ ಇರುವ ಕಡೆ ಒಂದು ಹೊಳೆಯುವ ಗೆರೆ ಮೂಡುತ್ತದೆ. ಖಾಲಿ ಕೊಳವೆಯಲ್ಲಿ ಗೆರೆ ಮೂಡಿದರೆ ಎಲ್ಲಿಂದಲೋ ಒಂದು ಹನಿ ಸಿಡಿದಿದೆ ಎಂದರ್ಥ. ಅವತ್ತಿನ ಕೆಲಸವನ್ನೆಲ್ಲ ಎಸೆದು ಮೊದಲಿನಿಂದ ಮಾಡಬೇಕು. ಇದು ನಾನು ಹೊಸಬರಿಗೆ ಹೇಳಿಕೊಡುವ ಮೊದಲ ಪಾಠ.

ಜೂನ್ 18ರಂದು ಗಿಡ್ಡಿಯ ಕೊಳವೆಗಳಲ್ಲಿ ಗೆರೆ ಮೂಡಿತು. ಖಾಲಿ ಕೊಳವೆಯಲ್ಲೂ ಮೂಡಿತು. ಮಸುಕಾಗಿ, ಇದೆಯೋ ಇಲ್ಲವೋ ಎಂಬಷ್ಟು. ನಾನು ನೋಡಿದೆ ಅತ್ತಿಗೆ. ನೋಡಲಿಲ್ಲ ಎಂದು ಹೇಳಲಾರೆ.

ಬೇರೆ ಯಾರ ಬೀಜವಾಗಿದ್ದರೂ ಮರುಕ್ಷಣ ಎಲ್ಲವನ್ನೂ ಎಸೆದು ಮತ್ತೆ ಮಾಡುತ್ತಿದ್ದೆ. ಅಣ್ಣನದು ಎಂದೇ ಮಾಡಲಿಲ್ಲ. ಪಕ್ಕದಲ್ಲಿ ಇಬ್ಬರು ಸಹಾಯಕರು ನಿಂತಿದ್ದರು. ರೋಗ ಇದೆ ಎಂದು ಬಂದದ್ದನ್ನು ಎಸೆದು, ಇಲ್ಲ ಎಂದು ಬರುವ ತನಕ ಮಾಡಿದಳು, ಅಣ್ಣನ ಬೀಜ ನೋಡಿ, ಎನ್ನುತ್ತಾರೇನೋ ಎಂದು ನನಗೆ ಭಯವಾಯಿತು. ನಿಷ್ಠುರವಾಗಿ ಇರುತ್ತೇನೆ ಎಂದುಕೊಂಡೆ. ಬೇರೆಯವರಿಗೆ ಸಿಗುವ ನ್ಯಾಯವನ್ನೂ ಅಣ್ಣನಿಗೆ ಕೊಡದೆ ಅದಕ್ಕೆ ನಿಷ್ಠುರತೆ ಎಂದು ಹೆಸರಿಟ್ಟೆ. ನಿರ್ದೇಶಕರು ಹೊಗಳಿದಾಗ ಸಂತೋಷವಾಗಲಿಲ್ಲ ಎಂದು ಬರೆದಿದ್ದೆನಲ್ಲ, ಅದೂ ಸುಳ್ಳು. ಆಗಿತ್ತು.

ಆಗಸ್ಟ್ 21ಕ್ಕೆ ವೈರಸ್ಸಿನ ಓದು ಬಂತು. ನಾವು ಪರೀಕ್ಷೆಗೆ ಇಟ್ಟುಕೊಂಡಿರುವ ತುಣುಕಿನಲ್ಲಿ, ಹೊಲದ ವೈರಸ್ಸಿನ ಜೊತೆ ಕಲಸಿಹೋಗದಿರಲಿ ಎಂದು ನಾಲ್ಕು ಅಕ್ಷರ ಬದಲಿಸಿದ್ದೇವೆ. ಲೋಕದ ಯಾವ ಹೊಲದಲ್ಲೂ ಆ ನಾಲ್ಕು ಒಟ್ಟಿಗೆ ಇಲ್ಲ. ಗಿಡ್ಡಿಯದು ಎಂದು ಕಳಿಸಿದ್ದರಲ್ಲಿ ಆ ನಾಲ್ಕೂ ಇದ್ದವು. ಏಳು ವರ್ಷದ ಹಿಂದೆ ಅವನ್ನು ಬದಲಿಸಿದವಳು ನಾನೇ.

ಪರೀಕ್ಷೆಗೆ ಬಂದ ಬೀಜದಲ್ಲಿ ಸ್ವಲ್ಪವನ್ನು ಆರು ತಿಂಗಳು ತೆಗೆದಿಡುವುದು ನಮ್ಮ ಪದ್ಧತಿ. ಗಿಡ್ಡಿಯ ಪೊಟ್ಟಣ ತಣ್ಣನೆಯ ಕಪಾಟಿನಲ್ಲಿತ್ತು. ಯಾರಿಗೂ ಹೇಳದೆ ಒಂದಿಷ್ಟು ಕಾಳು ಮೊಳೆಸಿ ಮೂರು ಸಲ ನೋಡಿದೆ. ಮೂರು ಸಲವೂ ಏನೂ ಇಲ್ಲ. ಸೆಪ್ಟೆಂಬರ್ 9ಕ್ಕೆ ಮೂರನೆಯದು ಮುಗಿಯಿತು. ಎರಡು ದಿನ ಬಿಟ್ಟು ನಿಮಗೆ ಆ ಕಾಗದ ಬರೆದೆ.

"ಅದರಿಂದಲೂ ಬಂದಿರಬಹುದು" ಎಂದು ಬರೆಯುವಾಗ ನನಗೆ ಗೊತ್ತಿತ್ತು. ನೀವು ಎಂಟು ಹೆಜ್ಜೆ ಅಳೆದು ತಂದು ನನ್ನ ಕೈಗೆ ಒಂದು ಕಾರಣ ಕೊಟ್ಟಿರಿ. ನಾನು ತೆಗೆದುಕೊಂಡೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ. ನೀವು ಬೀಗದ ಕೈಯ ವಿಷಯ ಬರೆದಾಗಲೂ ಬಾಯಿ ಬಿಡಲಿಲ್ಲ. ಅಕ್ಟೋಬರ್ 16ರಂದು, ಅವಧಿಗೆ ತಿಂಗಳ ಮೇಲಿರುವಾಗಲೇ, ಆ ಪೊಟ್ಟಣವನ್ನು ಸುಡುವ ಡಬ್ಬಿಗೆ ಹಾಕಿದೆ. ಅದೊಂದು ಇಲ್ಲವಾದರೆ ಯಾರೂ ಏನನ್ನೂ ಕೇಳಲಾರರು. ಹಾಕಿ ಮನೆಗೆ ಹೋದೆ. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಡಬ್ಬಿಯೊಳಗೆ ತೋಳು ಇಳಿಸಿ ಹುಡುಕಿದೆ. ಇತ್ತು.

ಹತ್ತು ದಿನ ಅದನ್ನು ಖಾನೆಯಲ್ಲಿಟ್ಟುಕೊಂಡು ಕೂತಿದ್ದೆ. ಹೊಲ ಬಿಟ್ಟುಕೊಡುತ್ತಾರೆ ಎಂಬ ನಿಮ್ಮ ಕಾಗದ ನಿನ್ನೆ ಬಂತು. ಇವತ್ತು ನಿರ್ದೇಶಕರ ಮುಂದೆ ಎಲ್ಲವನ್ನೂ ಇಟ್ಟೆ. ವರದಿಯನ್ನು ರದ್ದು ಮಾಡಿ ಹೊಸದಕ್ಕೆ ಸಹಿ ಹಾಕಿದ್ದೇನೆ. ನಾಳೆಯಿಂದ ಪರೀಕ್ಷೆಯ ಕೋಣೆಗೆ ನಾನು ಹೋಗುವಂತಿಲ್ಲ. ವಿಚಾರಣೆ ನಡೆಯುತ್ತದೆ, ನಡೆಯಲಿ. ಪೊಟ್ಟಣದಲ್ಲಿ ಆರುನೂರ ಹನ್ನೊಂದು ಕಾಳಿವೆ. ಕಚೇರಿಯ ಮುದ್ರೆ ಬಿದ್ದ ಕೂಡಲೇ ಅಣ್ಣನಿಗೆ ಬರುತ್ತವೆ.

ಕ್ಷಮಿಸಿ ಎಂದು ಬರೆಯಲು ನಾಚಿಕೆಯಾಗುತ್ತದೆ.

ಪುಟ್ಟಿ

•

ನವೆಂಬರ್ 4

ಪುಟ್ಟಿ,

ನಿನ್ನ ಕಾಗದ ಓದಿ ಮೊದಲು ನಾನು ಮಾಡಿದ ಕೆಲಸ, ಹಿತ್ತಿಲಿಗೆ ಹೋಗಿ ಒಬ್ಬಳೇ ಜೋರಾಗಿ ಬೈದದ್ದು. ಏನೇನು ಬೈದೆ ಅಂತ ಬರೆಯುವುದಿಲ್ಲ. ಕಾಗದಕ್ಕೂ ಒಂದು ಮರ್ಯಾದೆ ಇದೆ.

ಅಲ್ಲವೇ, ಎರಡು ತಿಂಗಳು! ನಾನು ಆ ಎರಡು ತಿಂಗಳಲ್ಲಿ ಕನ್ನಡಿ ನೋಡಿಲ್ಲ ಕಣೇ. ತಲೆ ಬಾಚಿದ್ದು ಅಂದಾಜಿನ ಮೇಲೆ. ಕಳ್ಳಿಯ ಹಾಗೆ ಗಂಡನ ಮನೆಯಲ್ಲಿ ಓಡಾಡಿದ್ದೇನೆ. ನಿನ್ನನ್ನು ಎಂಟನೆಯ ವರ್ಷದಿಂದ ಸಾಕಿದವಳು ನಾನು. ನಿನಗೆ ಜಡೆ ಹೆಣೆದ ಕೈ ಇದು. ಈ ಕೈಯೇ ಹೊಲ ಕೆಡಿಸಿತು ಅಂತ ನಾನು ಅಂದುಕೊಳ್ಳುವಾಗ ನೀನು ಅಲ್ಲಿ ಸುಮ್ಮನೆ ಕೂತಿದ್ದೆ. ಹೊಟ್ಟೆ ಉರಿಯುತ್ತದೆ. ಇದು ಬೇಗ ಆರುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಸಂಜೆ ನಿಮ್ಮಣ್ಣನಿಗೆ ಓದಿ ಹೇಳಿದೆ. ನಾನೇ ಓದಿದೆ, ಕಾಗದ ಕೈಗೆ ಕೊಡಲಿಲ್ಲ. ಖಾಲಿ ಕೊಳವೆಯ ಮಾತು ಬಂದಾಗ ಕಣ್ಣು ಮುಚ್ಚಿಕೊಂಡರು. ನಾಲ್ಕು ಅಕ್ಷರದ ಮಾತು ಬಂದಾಗ ನಕ್ಕರು, ಹಾಗೆ ಯಾಕೆ ನಕ್ಕರೋ ನನಗೆ ತಿಳಿಯಲಿಲ್ಲ. ಕಾಳು ಉಳಿದಿವೆ ಅಂದಾಗ ಎದ್ದು ನಿಂತರು. ನಿಂತೇ ಕೇಳಿದರು, "ಅವಳಿಗೆ ಯಾವಾಗ ಗೊತ್ತಾಯ್ತು?"

ಅದೊಂದೇ ಪ್ರಶ್ನೆ.

"ಹೋದ ವಾರ. ಗೊತ್ತಾದ ದಿನವೇ ಬರೆದಿದ್ದಾಳೆ" ಅಂದೆ. ತಾರೀಖು ಇದ್ದ ಸಾಲುಗಳನ್ನು ಬಿಟ್ಟೇ ಓದಿದ್ದೆ. ಜೂನಿನದು ಅವಸರದಲ್ಲಿ ಗಮನಕ್ಕೆ ಬರಲಿಲ್ಲವಂತೆ ಅಂದೆ. ಡಬ್ಬಿಯ ಮಾತೂ ಎತ್ತಲಿಲ್ಲ. ಅವರು, "ಹಾಗಾದ್ರೆ ಸರಿ. ತಪ್ಪು ಯಾರಿಗಾದ್ರೂ ಆಗತ್ತೆ. ಗೊತ್ತಾದ ಕೂಡಲೇ ಹೇಳಿದಳಲ್ಲ, ಅಷ್ಟು ಸಾಕು" ಅಂದರು. ಅವರ ಮುಖ ಎಷ್ಟು ಹಗುರಾಯಿತು ಅಂದರೆ, ನಾನು ಒಳಗೆ ಹೋಗಿ ಪಾತ್ರೆ ತೊಳೆಯುತ್ತ ನಿಂತೆ.

ನಿನ್ನ ಮೇಲಿನ ಕರುಣೆಯಿಂದ ಹೇಳಿದ ಸುಳ್ಳಲ್ಲ ಅದು. ಅವರಿಗೆ ಒಡಹುಟ್ಟಿದವಳು ಅಂತ ಇರುವುದು ನೀನೊಬ್ಬಳು. ಬೀಜ ಸುಟ್ಟದ್ದನ್ನು ತಡೆದುಕೊಂಡರು. ಇದನ್ನು ತಡೆಯುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ. ಕಾಗದವನ್ನು ಒಲೆಗೆ ಹಾಕಿದೆ. ಇನ್ನು ಇದು ನಮ್ಮಿಬ್ಬರಲ್ಲೇ ಇರಲಿ. ಬೀಗದ ಕೈ ಮತ್ತೆ ಮೊಳೆಗೆ ಬಂದಿದೆ. ನನಗೆ ಅಷ್ಟು ಸಾಕು.

ಅತ್ತಿಗೆ

•

ನವೆಂಬರ್ 9

ಅಣ್ಣ,

ಇದು ನಿನ್ನ ಹೆಸರಿಗೇ ಬರೆದ ಕಾಗದ. ನೀನೇ ಓದು. ಜೊತೆಯಲ್ಲಿ ಗಿಡ್ಡಿಯ ಪೊಟ್ಟಣವಿದೆ.

ಅತ್ತಿಗೆ ನಿನಗೆ ಹೇಳಿದ ತಾರೀಖು ನಿಜವಲ್ಲ. ನನ್ನ ಮಾನ ಕಾಯಲು ಹಾಗೆ ಹೇಳಿದ್ದಾರೆ. ಅವರನ್ನು ಬೈಯಬೇಡ. ನನ್ನ ಒಂದು ಸುಳ್ಳನ್ನು ಅವರು ಎರಡು ತಿಂಗಳು ಹೊತ್ತರು. ಇನ್ನೊಂದನ್ನು ಅವರ ತಲೆಯ ಮೇಲೆ ಇಟ್ಟು ನಾನು ಒಳ್ಳೆಯವಳಾಗಿ ನಿನ್ನ ಮನೆಗೆ ಬರಲಾರೆ.

ಖಾಲಿ ಕೊಳವೆಯ ಗೆರೆಯನ್ನು ನಾನು ನೋಡಿದ್ದು ಜೂನ್ 18. ಅವಸರವಿರಲಿಲ್ಲ. ನೋಡಿಯೇ ಸಹಿ ಹಾಕಿದೆ.

ಬೀಜದಲ್ಲಿ ಏನೂ ಇಲ್ಲ ಎಂದು ಗೊತ್ತಾದದ್ದು ಆಗಸ್ಟ್ 21. ಸ್ವಲ್ಪವೂ ಸಂಶಯ ಉಳಿಯದಂತಾದದ್ದು ಸೆಪ್ಟೆಂಬರ್ 9. ಅತ್ತಿಗೆಯ ಜವೆಗೋಧಿಯಿಂದ ಬಂದಿರಬಹುದು ಎಂದು ಬರೆದದ್ದು ಸೆಪ್ಟೆಂಬರ್ 11. ಈ ಪೊಟ್ಟಣವನ್ನು ಸುಡುವ ಡಬ್ಬಿಗೆ ಹಾಕಿದ್ದು ಅಕ್ಟೋಬರ್ 16, ತೆಗೆದದ್ದು 17.

ನೀನು ಮರುಪರೀಕ್ಷೆ ಕೇಳಲಿಲ್ಲ ಎಂದು ಜುಲೈನಲ್ಲೇ ಅತ್ತಿಗೆ ಬರೆದಿದ್ದರು. ಯಾಕೆ ಕೇಳಲಿಲ್ಲ ಎಂದೂ ಬರೆದಿದ್ದರು. ಅದನ್ನು ಓದಿದ ಮೇಲೂ ನಾನು ಇಷ್ಟು ಮಾಡಿದೆ.

ನಿನ್ನ ತಂಗಿ

•

ನವೆಂಬರ್ 18

ಪುಟ್ಟಿ,

ಪೊಟ್ಟಣ ಬಂತು. ಅದರ ಮೇಲೆ ನೀನು 611 ಎಂದು ಬರೆದಿದ್ದೆ. ಎರಡು ಸಲ ಎಣಿಸಿದೆ. ನಿನ್ನ ಲೆಕ್ಕ ಸರಿಯಿದೆ.

ಒಂದೊಂದು ಕಾಳನ್ನೂ ಗೇಣಿಗೊಂದರಂತೆ ಬಿತ್ತಿದೆವು. ನಿನ್ನ ಅತ್ತಿಗೆ ಗುಳಿ ಮಾಡಿದಳು, ನಾನು ಕಾಳು ಹಾಕಿದೆ. ಇಡೀ ದಿನ ಹಿಡಿಯಿತು. ತರಬೇತಿ ಶಾಲೆಯವರಿಗೆ ಹೊಲ ಕೊಡುವುದಿಲ್ಲ ಎಂದು ತಿಳಿಸಿದ್ದೇನೆ.

ನಿನ್ನ ಕಾಗದವನ್ನು ಅವಳಿಗೆ ತೋರಿಸಿದೆ. ತಾರೀಖಿನ ವಿಷಯದಲ್ಲಿ ನನಗೆ ಸುಳ್ಳು ಹೇಳಿದ್ದಕ್ಕೆ ಅವಳನ್ನು ಕೇಳಲಿಲ್ಲ. ಕೇಳುವ ಮುಖ ನನಗೂ ಇಲ್ಲ. ನಿನ್ನ ಒಂದು ಸಹಿಯನ್ನು ನಂಬಿ, ಮೂವತ್ತು ವರ್ಷ ಜೊತೆಗಿದ್ದವಳಿಂದ ಬೀಗದ ಕೈ ಕಿತ್ತುಕೊಂಡವನು ನಾನು. ಬೈಯದೆ ಇದ್ದದ್ದು ದೊಡ್ಡತನ ಎಂದುಕೊಂಡಿದ್ದೆ. ಅವಳಿಗೆ ಮಾತ್ರ ಅದು ಏನಾಗಿತ್ತು ಎಂದು ಮೊನ್ನೆ ಹೇಳಿದಳು. ಅಳುತ್ತ ಹೇಳಿದಳು.

ಸಾಲು ಬೆಳೆದ ಮೇಲೆ ಎಲೆ ಪರೀಕ್ಷೆಗೆ ಹೋಗಬೇಕು. ಬೇರೆ ಪ್ರಯೋಗಾಲಯಕ್ಕೆ ಕಳಿಸುತ್ತೇನೆ. ಇದನ್ನು ನಿನಗೆ ನಾನೇ ಹೇಳಬೇಕು ಅನ್ನಿಸಿತು.

ಕಾಗದದಲ್ಲಿ ಬರೆಯುವುದು ಸುಲಭ. ನಾವೆಲ್ಲರೂ ಅದನ್ನೇ ಮಾಡಿದ್ದೇವೆ. ನೀನು ಒಮ್ಮೆ ಬಂದು ಅವಳ ಎದುರು ಕೂತು ಹೇಳು. ಬರುವ ದಿನ ಬರೆದು ತಿಳಿಸು. ಬಸ್ಸಿನಿಂದ ಕರೆದುಕೊಂಡು ಬರಲು ನಾನು ಬರುವುದಿಲ್ಲ. ಅವಳು ಬರುತ್ತಾಳಂತೆ.

ಅಣ್ಣ